ಮಂತ್ರದ ನೋಟ್‌ಬುಕ್ ಮುಚ್ಚಿಟ್ಟ ಮೇಲೆ

ನನ್ನ ಮೊದಲ ಫ್ಯಾಂಟಸಿ ಕಾದಂಬರಿ ಶುರುವಾಗಿದ್ದು ಒಂದು ನೋಟ್‌ಬುಕ್ಕಿನಿಂದ. ಅದರ ತುಂಬ ಮಂತ್ರದ ನಿಯಮಗಳು. ಬೆಂಕಿ ಕರೆಯೋಕೆ ಯಾವ ಅಕ್ಷರ, ಗಾಳಿಗೆ ಯಾವುದು, ಬಳಸಿದ ಮೇಲೆ ಎಷ್ಟು ಹೊತ್ತು ಸುಸ್ತು, ಎಲ್ಲಕ್ಕೂ ಲೆಕ್ಕ. ಎಂಟು ತಿಂಗಳು ಅದರಲ್ಲೇ ಕಳೆದೆ. ಕಾದಂಬರಿ ಬರೆಯುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ.

ಕೊನೆಗೂ ಕರಡು ಮುಗಿಸಿ ಗೆಳತಿಗೆ ಕೊಟ್ಟೆ. ನಾಯಕಿ ಕೋಟೆಯ ಬಾಗಿಲು ಸುಡುವ ಅಧ್ಯಾಯದ ಬಗ್ಗೆ ಏನು ಹೇಳುತ್ತಾಳೋ ಅಂತ ಕಾಯುತ್ತಿದ್ದೆ. 11 ಪುಟ ಬರೀ ಬೆಂಕಿ. ಅವಳು ಅದರ ಮಾತೇ ಎತ್ತಲಿಲ್ಲ. "ಎರಡನೇ ಅಧ್ಯಾಯದಲ್ಲಿ ಅಕ್ಕನ ಚಪ್ಪಲಿ ಹಾಕ್ಕೊಂಡು ಓಡಿ ಬರ್ತಾನಲ್ಲ, ಆ ತಮ್ಮ ಆಮೇಲೆ ಎಲ್ಲಿ ಹೋದ?" ಅಂತ ಕೇಳಿದಳು.

ನನಗೆ ಗೊತ್ತಿರಲಿಲ್ಲ. ಅವನನ್ನು ನಾನೇ ಮರೆತಿದ್ದೆ.

ಒಂದು ವಾರ ಸುಮ್ನೆ ಮುನಿಸಿಕೊಂಡಿದ್ದೆ. ಆಗ ತಲೆಗೆ ಬಂದವನು ಕರ್ಣ. ಇಂದ್ರ ಕೊಟ್ಟ ಶಕ್ತ್ಯಾಯುಧದ ನಿಯಮ ಎಷ್ಟು ಚಿಕ್ಕದು! ಒಂದೇ ಸಲ ಬಳಸಬಹುದು, ಅಷ್ಟೇ. ಉಳಿದಿದ್ದೆಲ್ಲ ಕರ್ಣನ ಪಾಡು. ಬಂದವನು ಇಂದ್ರ ಅಂತ ಗೊತ್ತಿದ್ದೂ ಕವಚ ಕುಂಡಲ ಕೊಟ್ಟುಬಿಟ್ಟ. ಆ ಆಯುಧವನ್ನು ಅರ್ಜುನನಿಗೆಂದೇ ಎತ್ತಿಟ್ಟ. ರಾತ್ರಿಯ ಯುದ್ಧದಲ್ಲಿ ತನ್ನ ಕಡೆಯವರು ಕಾಪಾಡು ಅಂತ ಕೂಗಿದಾಗ ಅದನ್ನು ಘಟೋತ್ಕಚನ ಮೇಲೆ ಬಿಡಬೇಕಾಯ್ತು. ನಮಗೆ ಹೊಟ್ಟೆ ಉರಿಯೋದು ಆಯುಧ ಖರ್ಚಾಯ್ತು ಅಂತಲ್ಲ, ಅಲ್ವಾ?

ಹಾಗಾಗಿ ಒಂದು ಪರೀಕ್ಷೆ ಮಾಡಿದೆ. ಕರಡಿನ ಒಂದೊಂದೇ ದೃಶ್ಯದಿಂದ ಮಂತ್ರವನ್ನು ತೆಗೆದು ಓದಿದೆ. ಚಪ್ಪಲಿಯ ದೃಶ್ಯ ಗಟ್ಟಿಯಾಗಿ ನಿಂತಿತು. ಬಾಗಿಲಿನ ಅಧ್ಯಾಯದಲ್ಲಿ ಏನೂ ಉಳಿಯಲಿಲ್ಲ. ಬಾಗಿಲು ಹಾಕಿದವರು ಯಾರು ಅಂತಲೂ ನಾನು ಬರೆದಿರಲಿಲ್ಲ!

ಹಾಕಿದವನು ತಮ್ಮನೇ ಆಗಿದ್ದರೆ?

ಆಗ ನೋಟ್‌ಬುಕ್ಕಿನ ಮೂಲೆಯಲ್ಲಿದ್ದ ಒಂದು ಸಾಲು ನೆನಪಾಯ್ತು. ಕರೆದ ಬೆಂಕಿಯನ್ನು ವಾಪಸ್ ಕಳಿಸೋಕೆ ಆಗಲ್ಲ. ಎಂದೋ ಗೀಚಿ ಬಿಟ್ಟ ನಿಯಮ ಅದು. ಬಾಗಿಲ ಹಿಂದೆ ತಮ್ಮ ಬಂದು ನಿಂತ ಕೂಡಲೇ ಅದಕ್ಕೆ ಜೀವ ಬಂತು. ಅಕ್ಕನಿಗೆ ಬಾಗಿಲು ಸುಡುವ ಶಕ್ತಿ ಇದೆ, ಆದರೆ ಕೈ ಎತ್ತುವ ಹಾಗಿಲ್ಲ.

ಹೊಸದಾಗಿ ಬರೆಯೋದು ಸುಲಭವಾಗಲಿಲ್ಲ. ಮೊದಲ ಸಲ ತಮ್ಮ ಬಾಗಿಲ ಹಿಂದಿನಿಂದ "ನಿನ್ನನ್ನು ಕಂಡ್ರೆ ಭಯ ಆಗುತ್ತೆ" ಅಂದ. ಸಪ್ಪೆ. ಎರಡನೇ ಸಲ ಅವನ ಬಾಯಿಂದ ಉದ್ದದ ಭಾಷಣ, ಇನ್ನೂ ಸಪ್ಪೆ. ಮೂರನೇ ಸಲ ಅವನು "ಅಕ್ಕ, ನಿನ್ನ ಕೈ ಎಲ್ಲಿದೆ?" ಅಂತ ಕೇಳಿದ. "ಮಡಿಲಲ್ಲಿದೆ" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ, "ಎರಡೂನಾ?" ಅಲ್ಲಿಂದ ಮುಂದೆ ನಾನು ತಡೆಯಿಲ್ಲದೆ ಬರೆದೆ. 11 ಪುಟ 4 ಆಯ್ತು. ಒಂದು ಕಿಡಿಯೂ ಹಾರಲಿಲ್ಲ.

ಮಂತ್ರಕ್ಕೆ ನಿಯಮ ಬೇಡ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಫ್ಯಾಂಟಸಿ ಕಾದಂಬರಿಕಾರ ಬ್ರಾಂಡನ್ ಸ್ಯಾಂಡರ್ಸನ್ 2007ರಲ್ಲಿ ಬರೆದ ಒಂದು ಸೂತ್ರ ನನಗೆ ತುಂಬ ಕೆಲಸಕ್ಕೆ ಬಂದಿದೆ. ಓದುಗರಿಗೆ ಮಂತ್ರ ಎಷ್ಟು ಅರ್ಥವಾಗಿದೆಯೋ, ಅದರಿಂದ ಅಷ್ಟರ ಮಟ್ಟಿಗೇ ಅವರು ಒಪ್ಪುವಂತೆ ಕಥೆಯ ತೊಡಕು ಬಿಡಿಸಬಹುದು ಅನ್ನೋದು ಅದರ ಸಾರ. ಒಪ್ಪುತ್ತೇನೆ. ನನ್ನ ಕಷ್ಟ ಮಾತ್ರ ಬೇರೆ ಇತ್ತು. ನನ್ನ ಕರಡಿನಲ್ಲಿ ಬಿಡಿಸೋಕೆ ತೊಡಕೇ ಇರಲಿಲ್ಲ. ಬೀಗ ಇಲ್ಲದೆ ಕೀಲಿಕೈ ಮಾಡುತ್ತಾ ಕೂತಿದ್ದೆ. ನೋಟ್‌ಬುಕ್ಕಿನ ನಿಯಮಗಳಲ್ಲಿ ಈಗಿನ ಕರಡಿಗೆ ದಾಟಿದ್ದು ಮೂರೇ ಮೂರು. ಉಳಿದವನ್ನು ಬಿಡುವಾಗ ಸಂಕಟವಾಯ್ತು, ಸುಳ್ಳು ಯಾಕೆ ಹೇಳಲಿ.

ಎರಡನೇ ಕರಡನ್ನೂ ಗೆಳತಿಗೇ ಕೊಟ್ಟೆ. ತಮ್ಮ ಕೊನೆಗೆ ಬಾಗಿಲು ತೆಗೆದಿದ್ದು ತಪ್ಪು ಅಂತ ಅವಳ ವಾದ. "ಅವನ ಜಾಗದಲ್ಲಿ ನಾನಿದ್ದಿದ್ರೆ ಬೆಳಗಾಗೋವರೆಗೂ ತೆಗೀತಿರ್ಲಿಲ್ಲ" ಅಂತಾಳೆ. ತೆಗೆಯದೆ ಅವನಿಂದ ಇರೋಕೆ ಆಗುತ್ತಿರಲಿಲ್ಲ ಅಂತ ನಾನು. ಆ ಜಗಳ ಇನ್ನೂ ಮುಗಿದಿಲ್ಲ.