ನೆಟ್‌ವರ್ಕ್ ಇಲ್ಲದ ತೋಟದಲ್ಲಿ ಮಳೆ ಲೆಕ್ಕ: ಪೌಚ್‌ಡಿಬಿ ಬಳಸಿದ ನನ್ನ ಅನುಭವ

ನನ್ನ ಸೋದರಮಾವನ ಕಾಫಿ ತೋಟ ಇರುವುದು ಕೊಡಗಿನ ನಾಪೋಕ್ಲಿನಿಂದ ಆಚೆ. ಅಲ್ಲಿ ಮಳೆಯನ್ನು ಮಿಲಿಮೀಟರ್‌ನಲ್ಲಿ ಹೇಳಿದರೆ ಯಾರ ಕಿವಿಗೂ ಹೋಗುವುದಿಲ್ಲ. ಇಂಚು, ಸೆಂಟ್ ಎಂದೇ ಹೇಳಬೇಕು; ನೂರು ಸೆಂಟಿಗೆ ಒಂದು ಇಂಚು. ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಸೆಂಟ್ ಬಿತ್ತು ಎಂದು ನೋಡಿಕೊಂಡೇ ಸ್ಪ್ರಿಂಕ್ಲರ್ ಪೈಪು ಎಳೆಯಬೇಕೇ ಬೇಡವೇ ಎಂದು ತೀರ್ಮಾನವಾಗುತ್ತದೆ. ಅಂಗಳದಲ್ಲಿ ಒಂದು, ಕಾರ್ಮಿಕರ ಲೈನ್ ಮನೆಯ ಹತ್ತಿರ ಒಂದು, ಹೊಳೆಬದಿಯಲ್ಲಿ ಒಂದು, ಹೀಗೆ ಮೂರು ರೈನ್‌ಗೇಜ್‌ಗಳಿವೆ. ಲೆಕ್ಕದ ಪುಸ್ತಕ ಮಾತ್ರ ಒಂದೇ. ಅದು ಪ್ರತಿ ಆಷಾಢದಲ್ಲೂ ತೇವ ಕುಡಿದು ಊದಿಕೊಳ್ಳುತ್ತದೆ. "ಬೆಂಗಳೂರಿನಲ್ಲಿ ಅಷ್ಟು ವರ್ಷ ಕಂಪ್ಯೂಟರ್ ಕೆಲಸ ಮಾಡಿದ್ದೀಯಲ್ಲ, ಇದನ್ನು ಮೊಬೈಲಿನಲ್ಲಿ ಬರೆಯುವ ಹಾಗೆ ಮಾಡಿಕೊಡು" ಎಂದರು ಮಾವ.

ಒಂದೇ ವಾರಾಂತ್ಯದಲ್ಲಿ ಮುಗಿಸಿದೆ. ಒಂದು ಫಾರ್ಮ್, ಒಂದು ಬಟನ್. ಒತ್ತಿದರೆ ಫೆಚ್ ಎಂಬ ಬ್ರೌಸರ್ ಸೌಲಭ್ಯದ ಮೂಲಕ ಅಂಕಿ ನೇರವಾಗಿ ಸರ್ವರ್‌ಗೆ ಹೋಗುತ್ತದೆ. ಮಡಿಕೇರಿಯ ನನ್ನ ಮನೆಯಲ್ಲಿ ಕುಳಿತು ನೋಡಿದಾಗ ಸೊಗಸಾಗಿ ಓಡಿತು. ಜೂನ್ ಬಂತು. ಮರ ಬಿದ್ದು ಕರೆಂಟ್ ಹೋಯಿತು, ಸ್ವಲ್ಪ ಹೊತ್ತಿಗೆ ಟವರ್ ಕೂಡ ಮಲಗಿತು. ತೋಟದ ರೈಟರ್ (ಲೆಕ್ಕ ಬರೆಯುವವರು) ಹೊಳೆಬದಿಯಲ್ಲಿ ಕೊಡೆ ಹಿಡಿದು ನಿಂತು ಬಟನ್ ಒತ್ತುತ್ತಾರೆ, ಪರದೆಯಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ಮುಂದಿನ ಭಾನುವಾರ ನಾನು ಹೋದಾಗ ಅವರು ಅಂಗೈ ತೋರಿಸಿದರು. ಬಾಲ್‌ಪೆನ್ನಿನಲ್ಲಿ ಬರೆದ ಮೂರು ಅಂಕಿಗಳಿದ್ದವು, ಅರ್ಧ ಅಳಿಸಿಹೋಗಿದ್ದವು.

ಪೌಚ್‌ಡಿಬಿಯನ್ನು ಕೈಗೆತ್ತಿಕೊಂಡದ್ದು ಆಮೇಲೆ. ಇದು ಬ್ರೌಸರ್‌ನೊಳಗೇ ಒಂದು ಡೇಟಾಬೇಸ್ ಇಡುವ ಜಾವಾಸ್ಕ್ರಿಪ್ಟ್ ಲೈಬ್ರರಿ. ದಾಖಲೆ ಮೊದಲು ಫೋನಿನ ಬ್ರೌಸರ್ ಉಗ್ರಾಣವಾದ ಇಂಡೆಕ್ಸ್‌ಡ್‌ಡಿಬಿಯಲ್ಲಿ ಕೂರುತ್ತದೆ. ನೆಟ್‌ವರ್ಕ್ ಸಿಕ್ಕಾಗ ಸರ್ವರ್‌ನಲ್ಲಿರುವ ಕೌಚ್‌ಡಿಬಿ ಎಂಬ ಡೇಟಾಬೇಸಿನೊಂದಿಗೆ ತಾನೇ ಹೊಂದಿಸಿಕೊಳ್ಳುತ್ತದೆ. ಸಿಂಕ್ ಎಂಬ ಒಂದು ಕರೆ, ಅದಕ್ಕೆ ಲೈವ್ (ನಿರಂತರ ಸಿಂಕ್) ಮತ್ತು ರಿಟ್ರೈ (ಕಡಿದರೆ ಮತ್ತೆ ಯತ್ನ) ಎಂಬ ಎರಡು ಆಯ್ಕೆಗಳು, ಅಷ್ಟೇ. ಪುಟವೇ ತೆರೆಯದಿದ್ದರೆ ಇದೆಲ್ಲ ವ್ಯರ್ಥ, ಆದ್ದರಿಂದ ಸರ್ವಿಸ್ ವರ್ಕರ್ ಎಂಬ ಹಿನ್ನೆಲೆ ಸ್ಕ್ರಿಪ್ಟ್ ಸೇರಿಸಿ ಆ್ಯಪ್ ಕೂಡ ಫೋನಿನಲ್ಲೇ ಉಳಿಯುವಂತೆ ಮಾಡಿದೆ. ಕೌಚ್‌ಡಿಬಿಯಲ್ಲಿ ಕಾರ್ಸ್ ಅನುಮತಿ (ಬೇರೆ ವಿಳಾಸದ ಪುಟ ಡೇಟಾಬೇಸನ್ನು ಮುಟ್ಟಲು ಬ್ರೌಸರ್ ಕೇಳುವ ಒಪ್ಪಿಗೆ) ಕೊಡುವುದನ್ನು ಮರೆತು ಅರ್ಧ ದಿನ ಹಾಳುಮಾಡಿಕೊಂಡೆ. ಬ್ರೌಸರ್ ಕನ್ಸೋಲ್ ಅದನ್ನೇ ಕೆಂಪು ಅಕ್ಷರದಲ್ಲಿ ಹೇಳುತ್ತಿತ್ತು, ನಾನು ಪಾಸ್‌ವರ್ಡ್ ಬದಲಾಯಿಸುತ್ತಾ ಕುಳಿತಿದ್ದೆ.

ಮುಂದಿನ ಎಡವಟ್ಟು ಹಸಿರು ಚುಕ್ಕಿಯದು. ಸಿಂಕ್ ಮುಗಿದು ವಿಶ್ರಮಿಸುವಾಗ 'ಪಾಜ್ಡ್' (ತಡೆದು ನಿಂತಿದೆ) ಎಂಬ ಸೂಚನೆ ಬರುತ್ತದೆ. ಅದು ಬಂದ ಕೂಡಲೇ 'ಎಲ್ಲ ತಲುಪಿದೆ' ಎಂದು ಹಸಿರು ಚುಕ್ಕಿ ಹಚ್ಚಿದ್ದೆ. ಸಂಪರ್ಕ ಕಡಿದುಹೋದಾಗಲೂ ಅದೇ ಸೂಚನೆ ಬರುತ್ತದೆ, ಜೊತೆಗೊಂದು ದೋಷದ ವಿವರ ಇರುತ್ತದೆ, ಅಷ್ಟೇ ವ್ಯತ್ಯಾಸ. ನಾನು ಆ ವಿವರವನ್ನು ನೋಡಿಯೇ ಇರಲಿಲ್ಲ. ಹಾಗಾಗಿ ಟವರ್ ಸತ್ತಿದ್ದ ದಿನವೂ ರೈಟರ್ ಹಸಿರು ಚುಕ್ಕಿ ನೋಡಿ ನಿಶ್ಚಿಂತರಾಗಿದ್ದರು. ಈಗ ಚುಕ್ಕಿಯನ್ನು ತೆಗೆದುಹಾಕಿದ್ದೇನೆ. 'ಸರ್ವರ್ ಮುಟ್ಟಿದ್ದು: ನಿನ್ನೆ ಸಂಜೆ 4.10' ಎಂಬ ಒಂದು ಸಾಲು ಇದೆ.

ನಿಜವಾಗಿ ತಲೆ ಕೆಡಿಸಿದ್ದು ಜುಲೈನ ಒಂದು ದಿನ. ತಿಂಗಳ ಮೊತ್ತ ಪುಸ್ತಕಕ್ಕಿಂತ ಕಡಿಮೆ ಬರುತ್ತಿತ್ತು. ಒಂದು ಗೇಜಿಗೆ ದಿನಕ್ಕೊಂದು ದಾಖಲೆ ಎಂದು ಲೆಕ್ಕ ಹಾಕಿ, ತಾರೀಕು ಮತ್ತು ಗೇಜಿನ ಹೆಸರನ್ನು ಸೇರಿಸಿ ದಾಖಲೆಯ ಐಡಿ ಮಾಡಿದ್ದೆ. ಆ ಬೆಳಿಗ್ಗೆ ಮಾವ ಆರು ಗಂಟೆಗೇ ಅಂಗಳದ ಗೇಜ್ ಅಳೆದು 2 ಇಂಚು 85 ಸೆಂಟ್ ಎಂದು ಬರೆದು, ನೀರು ಚೆಲ್ಲಿದ್ದರು. ಏಳೂವರೆಗೆ ರೈಟರ್ ಬಂದರು. ಆ ನಡುವೆ ಬಿದ್ದ 20 ಸೆಂಟನ್ನು ತಮ್ಮ ಫೋನಿನಲ್ಲಿ ಬರೆದರು. ಎರಡೂ ಸರಿ, ಕೂಡಿಸಬೇಕಿತ್ತು. ಆದರೆ ಎರಡು ಫೋನುಗಳೂ ಆಗ ಆಫ್‌ಲೈನ್, ಎರಡರಲ್ಲೂ ಐಡಿ ಒಂದೇ. ಸಂಜೆ ಸಿಂಕ್ ಆದಾಗ ಲೈಬ್ರರಿ ತನ್ನ ನಿಯಮದಂತೆ ಒಂದನ್ನು ಗೆಲ್ಲಿಸಿತು. ಸೋತದ್ದು ಅಳಿಯುವುದಿಲ್ಲ, ಒಳಗೆ ಅಡಗಿರುತ್ತದೆ. 'ಕಾನ್‌ಫ್ಲಿಕ್ಟ್ಸ್' (ಘರ್ಷಣೆಗಳು) ಎಂದು ಕೇಳಿದರೆ ಮಾತ್ರ ಹೊರಬರುತ್ತದೆ. ಯಾವುದು ಗೆಲ್ಲಬೇಕು ಎಂಬುದನ್ನು ಎಲ್ಲ ಪ್ರತಿಗಳೂ ಒಂದೇ ರೀತಿ ನಿರ್ಧರಿಸುತ್ತವೆ. ಹಾಗಾಗಿ ಎಲ್ಲ ಫೋನುಗಳೂ ಒಮ್ಮತದಿಂದ 20 ಸೆಂಟ್ ಎಂದು ತೋರಿಸಿದವು.

ಘರ್ಷಣೆ ಬಿಡಿಸುವ ಕೋಡ್ ಬರೆಯಲು ಕುಳಿತೆ. ಎರಡು ಗಂಟೆಯ ನಂತರ ಅದನ್ನು ಎಸೆದೆ. ದಿನದ ಮಳೆ ಎಂಬುದನ್ನು ದಾಖಲೆಯಾಗಿ ಇಟ್ಟದ್ದೇ ತಪ್ಪು ಎಂದು ಹೊಳೆಯಿತು. ಅಳತೆ ಎಂಬುದು ಒಮ್ಮೆ ನಡೆದು ಮುಗಿದ ಘಟನೆ. ದಿನದ ಮಳೆ ಅವುಗಳ ಮೊತ್ತ. ಈಗ ಪ್ರತಿ ಅಳತೆಗೂ ತನ್ನದೇ ದಾಖಲೆ. ಐಡಿಯಲ್ಲಿ ತಾರೀಕು, ಗೇಜ್, ಗಂಟೆ, ಫೋನಿನ ಗುರುತು ಎಲ್ಲವೂ ಇವೆ. ಒಂದೇ ಐಡಿಯನ್ನು ಇಬ್ಬರು ಬರೆಯುವ ಪ್ರಸಂಗವೇ ಬರುವುದಿಲ್ಲ. ತಪ್ಪಾಗಿ ಬರೆದರೆ ಹಳೆಯದನ್ನು ತಿದ್ದುವುದಿಲ್ಲ, ರದ್ದು ಎಂಬ ಇನ್ನೊಂದು ದಾಖಲೆ ಸೇರಿಸುತ್ತೇವೆ. ತೋಟದ ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್‌ನಲ್ಲೂ ಹಾಗೆಯೇ: ಅಳಿಸಿದರೆ ಅನುಮಾನ, ಗೆರೆ ಎಳೆದು ಬರೆದರೆ ಲೆಕ್ಕ.

ಸಣ್ಣ ತಪ್ಪುಗಳು ಇನ್ನೂ ಎರಡಿದ್ದವು. ಮಾವ ಕೆಲವೊಮ್ಮೆ ಐದು ಗಂಟೆಗೇ ಎದ್ದು ಅಳೆಯುತ್ತಾರೆ. ನಾನು ತಾರೀಕನ್ನು ಐಎಸ್‌ಒ ರೂಪಕ್ಕೆ (ವರ್ಷ-ತಿಂಗಳು-ದಿನ ಎಂದು ಶುರುವಾಗುವ ಬರಹ) ತಿರುಗಿಸಿ ಮೊದಲ ಹತ್ತು ಅಕ್ಷರ ತೆಗೆದುಕೊಳ್ಳುತ್ತಿದ್ದೆ. ಅದು ಯುಟಿಸಿ ಎಂಬ ಜಾಗತಿಕ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ. ಮಾವನ ಮಳೆಯೆಲ್ಲ ಹಿಂದಿನ ದಿನಕ್ಕೆ ಸುರಿಯುತ್ತಿತ್ತು. ಇನ್ನೊಂದು, ರೈಟರ್ 2.4 ಎಂದು ಬರೆದರೆ ಅವರ ಲೆಕ್ಕದಲ್ಲಿ 2 ಇಂಚು 4 ಸೆಂಟ್. ಕಂಪ್ಯೂಟರ್‌ಗೆ ಅದು 2 ಇಂಚು 40. ಇಂಚಿಗೊಂದು, ಸೆಂಟಿಗೊಂದು ಚೌಕ ಮಾಡಿ, ಒಳಗೆ ಒಟ್ಟು ಸೆಂಟ್‌ಗಳನ್ನು ಪೂರ್ಣಾಂಕವಾಗಿ ಇಟ್ಟೆ.

ಹೊಸ ಫೋನ್ ಕೊಂಡಾಗ ಹಳೆಯದರ ಡೇಟಾ ಅಳಿಸುವ ಮೊದಲು ಆ 'ಮುಟ್ಟಿದ್ದು' ಸಾಲನ್ನು ನೋಡಲೇಬೇಕು ಎಂದು ರೈಟರ್‌ಗೆ ಎರಡು ಸಲ ಹೇಳಿದ್ದೇನೆ. ಲೈಬ್ರರಿ ಅದಕ್ಕೆ ಜವಾಬ್ದಾರಿಯಲ್ಲ.

ಆಗಸ್ಟ್‌ನಲ್ಲಿ ನಾಲ್ಕು ದಿನ ಕರೆಂಟೂ ಇಲ್ಲ, ಟವರೂ ಇಲ್ಲ. ರೈಟರ್ ಜೀಪಿನ ಬ್ಯಾಟರಿಯಿಂದ ಫೋನ್ ಚಾರ್ಜ್ ಮಾಡಿಕೊಂಡು ಬರೆಯುತ್ತಲೇ ಇದ್ದರಂತೆ. ಐದನೆಯ ದಿನ ಅವರು ಸಾಮಾನಿಗೆಂದು ಮೂರ್ನಾಡು ಪೇಟೆಗೆ ಹೋದಾಗ ಅಷ್ಟೂ ದಾಖಲೆಗಳು ಒಂದರ ಹಿಂದೆ ಒಂದು ಸರ್ವರ್‌ಗೆ ಬಂದು ಬಿದ್ದದ್ದನ್ನು ಮಡಿಕೇರಿಯಿಂದ ನೋಡಿದೆ. ಸಂಜೆ ಫೋನ್ ಮಾಡಿ ಮಾವನಿಗೆ ನಾಲ್ಕು ದಿನದ ಮೊತ್ತ ಓದಿ ಹೇಳಿದೆ. "ತಡಿ, ಪುಸ್ತಕ ನೋಡಿ ಹೇಳುತ್ತೇನೆ" ಎಂದು ಫೋನನ್ನು ಮೇಜಿನ ಮೇಲಿಟ್ಟು ಎದ್ದು ಹೋದರು.