ಇಟಲಿ ಪಂಪು ವಾಪಸ್ ಕಳಿಸಿದ್ದು: ನನ್ನ ಅನುಭವ

ಇಟಲಿಯಿಂದ ತರಿಸಿದ ನಲವತ್ತು ಚಿಲ್ಲರೆ ಹೈಡ್ರಾಲಿಕ್ ಪಂಪುಗಳನ್ನು ವಾಪಸ್ ಕಳಿಸಿ ದುಡ್ಡು ವಸೂಲಿ ಮಾಡ್ತೀನಿ ಅಂದಾಗ ನಮ್ಮ ಆಡಿಟರು ನಕ್ಕಿದ್ದರು. ವಕೀಲರದೂ ಅದೇ ರಾಗ: “1980ರ ವಿಯೆನ್ನಾ ಒಪ್ಪಂದಕ್ಕೆ ಭಾರತ ಸೇರೇ ಇಲ್ಲ ಸ್ವಾಮಿ, ಅದರ 25ನೇ ಕಲಂ ಹಿಡಿದು ಏನು ಮಾಡ್ತೀರಿ?” ದೇಶ ದೇಶಗಳ ನಡುವಿನ ಸರಕು ಮಾರಾಟದ ಒಪ್ಪಂದ ಅದು; 25ನೇ ಕಲಂ ಹೇಳುವುದು ‘ಮೂಲಭೂತ ಉಲ್ಲಂಘನೆ’ಯ ಬಗ್ಗೆ, ಅಂದರೆ ಕರಾರಿನಿಂದ ಸಿಗಬೇಕಾದ ಮುಖ್ಯ ಲಾಭವೇ ಕೈತಪ್ಪುವಂಥ ತಪ್ಪು. ಭಾರತ ಸೇರಿಲ್ಲ, ನಿಜ. ಆದರೆ ಕರಾರಿಗೆ ಇಟಲಿಯ ಕಾನೂನು ಅನ್ವಯ ಅಂತ ಬರೆಸಿದ್ದು ಮಾರಿದವರೇ. ಅಲ್ಲಿ ಆ ಒಪ್ಪಂದ 1988ರಿಂದ ಜಾರಿಯಲ್ಲಿದೆ.

ಮಾಲಿನ ಬೆಲೆ ಹೆಚ್ಚುಕಮ್ಮಿ 34 ಲಕ್ಷ. 250 ಬಾರ್ ಒತ್ತಡಕ್ಕೆ ಅಂತ ಕೊಂಡದ್ದು ಎಣ್ಣೆ ಬಿಸಿಯಾದ ಮೇಲೆ 190 ದಾಟುತ್ತಿರಲಿಲ್ಲ. ಎಲ್‌ಸಿ (ಮಾರಿದವರಿಗೆ ಬ್ಯಾಂಕು ಕೊಟ್ಟ ಪಾವತಿಯ ಖಾತ್ರಿಪತ್ರ) ತಡೆಯಲು ಬ್ಯಾಂಕಿಗೆ ಓಡಿದರೆ, ಅದಕ್ಕೆ ಬ್ಯಾಂಕುಗಳು ಪಾಲಿಸುವ ಯುಸಿಪಿ 600 ಎಂಬ ಅಂತರರಾಷ್ಟ್ರೀಯ ನಿಯಮಾವಳಿ ತೋರಿಸಿದರು. ಅವರು ನೋಡುವುದು ಕಾಗದಪತ್ರ ಮಾತ್ರವಂತೆ. ದುಡ್ಡು ಹೋಯಿತು. ವಕೀಲರ ಖಡಕ್ ನೋಟಿಸಿಗೆ ಅರವತ್ತು ಸಾವಿರದ ಹತ್ತಿರ ಸುರಿದೆ, ಉತ್ತರವೇ ಬರಲಿಲ್ಲ. ಅದೇ ಒಪ್ಪಂದದ 47ನೇ ಕಲಮಿನ ಹೆಚ್ಚುವರಿ ಗಡುವು ಕೊಟ್ಟು, ಅದು ಮುಗಿದ ಕೂಡಲೇ ಕರಾರು ರದ್ದು ಮಾಡುವ ದಾರಿ ಮಾಲು ಬಾರದೇ ಹೋದಾಗಿನದು. ಕೆಟ್ಟ ಮಾಲು ಬಂದಿದ್ದರೆ ಉಲ್ಲಂಘನೆ ಮೂಲಭೂತ ಅಂತ ತೋರಿಸಲೇಬೇಕು.

ಎಲ್ಲರೂ ಮುಗ್ಗರಿಸುವುದು ಇಲ್ಲೇ. ಬ್ರಿಟನ್ನಿನ ಕೋಬಾಲ್ಟ್ ಸಲ್ಫೇಟ್ ಕೇಳಿದವನಿಗೆ ದಕ್ಷಿಣ ಆಫ್ರಿಕಾದ್ದು ಬಂದಿದ್ದರೂ ಜರ್ಮನಿಯ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಕರಾರು ಮುರಿಯಲು ಬಿಡಲಿಲ್ಲ. 1998ರಲ್ಲಿ ಸ್ವಿಸ್ ನ್ಯಾಯಾಲಯ, ಕೊಬ್ಬು ನೀರು ಜಾಸ್ತಿಯಿದ್ದ ಮಾಂಸದ ಬೆಲೆ ಕಾಲು ಭಾಗ ಬಿದ್ದಿದ್ದರೂ, ಅದನ್ನೇ ಹೇಳಿತು. ಬೇರೆ ಕಡೆ ಮಾರಲು ಬರುವ ಮಾಲಾದರೆ ಇಟ್ಟುಕೋ, ಪರಿಹಾರ ಕೇಳು ಅಂತ.

ನಮ್ಮ ಪಂಪಿನ ಶಾಫ್ಟು ನಮ್ಮ ಅಳತೆಗೇ ಮಾಡಿಸಿದ್ದು. ಬೆಂಗಳೂರಿನ ಪೀಣ್ಯ, ಜೆ.ಸಿ. ರಸ್ತೆ ಸುತ್ತಿ, ‘ಈ ಮಾಲು ಯಾವ ದರಕ್ಕೂ ಬೇಡ’ ಅಂತ ವ್ಯಾಪಾರಿಗಳ ಲೆಟರ್‌ಹೆಡ್ಡಿನಲ್ಲೇ ಬರೆಸಿಕೊಂಡೆ. ಗುಜರಿಯವನಿಂದ ಕಿಲೋ ದರವನ್ನೂ ಬರೆಸಿದೆ. ಈ ಕಾಗದಗಳ ಐಡಿಯಾ ಪೂರ್ತಿ ನನ್ನದು, ವಕೀಲರಿಗೆ ಹೊಳೆದಿರಲಿಲ್ಲ! ನಷ್ಟ ಮಾರುವವನಿಗೆ ಮೊದಲೇ ಊಹೆಗೆ ಸಿಗುವಂತಿರಬೇಕು ಅನ್ನುತ್ತದೆ 25ನೇ ಕಲಂ. ಅದಕ್ಕೆ ಆರ್ಡರಿಗೂ ಮುಂಚೆ ಕಳಿಸಿದ್ದ ಒಂದು ಮೇಲ್ ಆಸರೆಯಾಯಿತು. ಅದರಲ್ಲಿ ಪಂಪು ಕೂರಿಸಬೇಕಿದ್ದ ನಮ್ಮ ಪ್ರೆಸ್ ಯಂತ್ರದ ಡ್ರಾಯಿಂಗ್ ಇತ್ತು; ಒಕ್ಕಣೆ ಮಾತ್ರ ಇಲ್ಲಿ ಹೇಳುವುದಿಲ್ಲ, ಇನ್ನೂ ಬೇಕಾಗುತ್ತದೆ.

ಐದಾರು ಪಂಪು ಮಾತ್ರ ಓಡಿಸಿ ಉಳಿದ ಪೆಟ್ಟಿಗೆಗಳ ಸೀಲ್ ಮುಟ್ಟಲಿಲ್ಲ. ಬಂದ ಸ್ಥಿತಿಯಲ್ಲೇ ಮಾಲು ಮರಳಿಸಲಾಗದಿದ್ದರೆ 82ನೇ ಕಲಮಿನಡಿ ರದ್ದತಿಯ ಹಕ್ಕೇ ಹೋಗಬಹುದು. ಪರೀಕ್ಷೆಗೆ ಬಳಸಿದ್ದಕ್ಕೆ ವಿನಾಯಿತಿ ಇದೆ. ಇನ್ನೊಂದು ಲಾಭ ಕಸ್ಟಮ್ಸ್ ಕಡೆಯಿಂದ: ಬಳಸದ ಮಾಲನ್ನು ಎರಡು ವರ್ಷದೊಳಗೆ ಮರುರಫ್ತು ಮಾಡಿದರೆ ನಮ್ಮ ಕಸ್ಟಮ್ಸ್ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸುಂಕದ ಶೇ. 98 ವಾಪಸ್.

ಇದರ ಮಧ್ಯೆ ಬೇರೊಬ್ಬರಿಂದ ತರಿಸಿದ್ದ ಸೀಲ್ ಕಿಟ್ಟಿನ (ಎಣ್ಣೆ ಸೋರದಂತೆ ತಡೆಯುವ ಬಿಡಿಭಾಗಗಳು) ಮೇಲೆ ಅದೇ ಒಪ್ಪಂದದ 50ನೇ ಕಲಂ, ಅಂದರೆ ಬೆಲೆ ಕಡಿತ, ಪ್ರಯೋಗಿಸಿದೆ. ಒಂದೇ ಮೇಲಿಗೆ ಶೇ. 12ರಷ್ಟು ಇಳಿಸಿದರು. ಸಣ್ಣ ತಕರಾರಿಗೆ ಅದೇ ವಾಸಿ.

ಪಂಪಿನವರು ಹೊಸ ರೋಟರ್ (ಪಂಪಿನೊಳಗೆ ತಿರುಗುವ ಭಾಗ) ಕಳಿಸುತ್ತೇವೆಂದರು, ಕಳಿಸಲು ಬಿಟ್ಟೆ. ಅದೂ 200 ಬಾರ್‌ನ ಆಸುಪಾಸಿನಲ್ಲೇ ನಿಂತಿತು. ಆಗ ಎರಡು ಸಾಲಿನ ರದ್ದತಿ ಮೇಲ್ ಹಾಕಿದೆ. ಮಿಲಾನಿನಲ್ಲಿ ಮಧ್ಯಸ್ಥಿಕೆಗೆ ಹೋಗುತ್ತೇವೆ ಅಂದ ಮೇಲೆ ಅವರ ದನಿ ಇಳಿಯಿತು. 31 ಲಕ್ಷದ ಹತ್ತಿರ ಕೈಗೆ ಬಂತು, ವಾಪಸ್ ಸಾಗಣೆಯೂ ಅವರದೇ. ವಾಪಸ್ ಕೊಡುವ ಬೆಲೆಯ ಮೇಲೆ 84ನೇ ಕಲಮಿನಡಿ ಸಿಗಬೇಕಾದ ಬಡ್ಡಿಯ ಜಗ್ಗಾಟ ಇನ್ನೂ ನಡೆದಿದೆ.