ಲಂಡನ್ನಿನಲ್ಲಿ ಮೊದಲ ದಿನ: ವಿದ್ಯಾರ್ಥಿಗಳಿಗೆ ಊರಿನ ದಿಕ್ಕು ತಿಳಿಸುವ ಕ್ರಮ

ವಿದೇಶ ಪ್ರವಾಸದ ಮೊದಲ ದಿನವೇ ವಿದ್ಯಾರ್ಥಿಗಳನ್ನು ಬಸ್ಸಿಗೆ ಹತ್ತಿಸಿ, ಪ್ರಸಿದ್ಧ ಕಟ್ಟಡಗಳ ಮುಂದೆ ಒಂದೊಂದಾಗಿ ಇಳಿಸಿ, ಫೋಟೊ ತೆಗೆಸಿ ಹಿಂದಕ್ಕೆ ಕರೆತರುವುದು ನಮ್ಮ ಶಾಲಾ ಕಾಲೇಜುಗಳ ಪ್ರವಾಸಗಳಲ್ಲಿ ರೂಢಿ. ಅದರಿಂದ ಕಟ್ಟಡಗಳು ಕಾಣುತ್ತವೆ, ಆದರೆ ಯಾವುದರ ಪಕ್ಕದಲ್ಲಿ ಯಾವುದಿದೆ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ತಂಡವನ್ನು ಲಂಡನ್ನಿಗೆ ಕರೆದೊಯ್ಯುವ ಅಧ್ಯಾಪಕರು ಮೊದಲ ದಿನವನ್ನು ಥೇಮ್ಸ್ ದಂಡೆಯ ಒಂದು ಕಾಲ್ನಡಿಗೆಗೂ ಒಂದು ಬಸ್ ಪ್ರಯಾಣಕ್ಕೂ ಮೀಸಲಿಟ್ಟರೆ, ಉಳಿದ ದಿನಗಳಲ್ಲಿ ದಾರಿ ಹುಡುಕುವ ಹೊಣೆಯನ್ನು ವಿದ್ಯಾರ್ಥಿಗಳಿಗೇ ಒಪ್ಪಿಸಬಹುದು.

ಹೊರಡುವ ಹೊತ್ತನ್ನು ಋತು ನೋಡಿ ಗೊತ್ತುಮಾಡಬೇಕು. ಬೇಸಿಗೆಯಲ್ಲಿ ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ, ಚಳಿಗಾಲದಲ್ಲಿ ಐದೂವರೆ ಗಂಟೆ. ಹಾಗಾಗಿ ಹಿಂದಿನ ದಿನ ಬಂದಿಳಿದ ಮಕ್ಕಳು ನಸುಕಿನಲ್ಲೇ ಎದ್ದು ಕುಳಿತಿರುತ್ತಾರೆ ಮತ್ತು ಮಧ್ಯಾಹ್ನದ ಹೊತ್ತಿಗೆ ತೂಕಡಿಸತೊಡಗುತ್ತಾರೆ. ಜೂನ್‌ನಲ್ಲಿ ರಾತ್ರಿ ಒಂಬತ್ತರ ನಂತರವೂ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಎರಡೂ ಕಾಲಕ್ಕೆ ಒಪ್ಪುವುದು ಬೆಳಗಿನ ನಡಿಗೆಯೇ. ಪಾಸ್‌ಪೋರ್ಟನ್ನು ವಸತಿಯಲ್ಲಿ ಭದ್ರವಾಗಿಟ್ಟು, ಅದರ ನಕಲನ್ನೂ ವಸತಿಯ ವಿಳಾಸ ಬರೆದ ಚೀಟಿಯನ್ನೂ ಪ್ರತಿಯೊಬ್ಬರ ಜೇಬಿನಲ್ಲಿರಿಸಿ. ವಿಳಾಸ ಮೊಬೈಲಿನಲ್ಲಿದೆ ಎಂಬ ಸಮಾಧಾನ ಬ್ಯಾಟರಿ ಮುಗಿಯುವವರೆಗೆ ಮಾತ್ರ.

ನಗರದ ಬಸ್ಸುಗಳಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ಮುಂಚೆಯೇ ಹಣ ತುಂಬಿಸಿಟ್ಟುಕೊಳ್ಳುವ ಆಯಿಸ್ಟರ್ ಎಂಬ ಪ್ರಯಾಣದ ಕಾರ್ಡ್ ಅಥವಾ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡ್ ಬೇಕು, ಅದೂ ತಲೆಗೊಂದು, ಏಕೆಂದರೆ ಒಂದೇ ಕಾರ್ಡನ್ನು ಇಬ್ಬರಿಗೆ ತೋರಿಸಿ ಪ್ರಯಾಣ ಮಾಡಲಾಗದು. ಟ್ಯೂಬ್ ಎಂದು ಕರೆಯುವ ಸುರಂಗ ರೈಲಿನಲ್ಲಿ ಒಳಹೋಗುವಾಗಲೂ ಹೊರಬರುವಾಗಲೂ ಕಾರ್ಡ್ ತಾಗಿಸಬೇಕು, ಬಸ್ಸಿನಲ್ಲಿ ಹತ್ತುವಾಗ ಮಾತ್ರ. 11ರಿಂದ 15 ವರ್ಷದ ಪ್ರವಾಸಿ ಮಕ್ಕಳಿಗೆ ಹದಿನಾಲ್ಕು ದಿನಗಳವರೆಗೆ ಅರ್ಧ ದರದ ರಿಯಾಯಿತಿಯೊಂದಿದ್ದು, ಅದನ್ನು ನಿಲ್ದಾಣದ ಸಿಬ್ಬಂದಿ ಆಯಿಸ್ಟರ್ ಕಾರ್ಡಿಗೆ ಸೇರಿಸಿಕೊಡುತ್ತಾರೆ. ಪ್ರೌಢಶಾಲೆಯ ತಂಡಗಳು ಇದನ್ನು ಕೇಳಿ ಪಡೆಯಬೇಕು.

ರೈಲು ಹತ್ತುವ ಮೊದಲು ತಂಡಕ್ಕೆ ಒಂದು ನಿಯಮವನ್ನು ಬಾಯಿಪಾಠ ಮಾಡಿಸಿ: ಪ್ಲಾಟ್‌ಫಾರಂನಲ್ಲಿ ಉಳಿದವರು ಅಲ್ಲೇ ನಿಲ್ಲಬೇಕು, ರೈಲಿನಲ್ಲಿ ಹೋದವರು ಮುಂದಿನ ನಿಲ್ದಾಣದಲ್ಲಿ ಇಳಿದು ಕಾಯಬೇಕು. ಇಬ್ಬರೂ ಹುಡುಕಲು ಹೊರಟರೆ ಒಬ್ಬರಿಗೊಬ್ಬರು ಸಿಗುವುದಿಲ್ಲ. ಎಸ್ಕಲೇಟರಿನಲ್ಲಿ ಬಲಕ್ಕೆ ನಿಂತು, ಎಡಬದಿಯನ್ನು ಹತ್ತಿಹೋಗುವವರಿಗೆ ಬಿಡುವುದು ಅಲ್ಲಿನ ಕಟ್ಟುನಿಟ್ಟಿನ ಮರ್ಯಾದೆ. ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಪ್ರತಿ ನಿಲ್ದಾಣದಲ್ಲೂ ಗುಂಪಿನವರೇ ತಮ್ಮ ತಲೆ ಎಣಿಸಿಕೊಳ್ಳಲಿ.

ವಿಕ್ಟೋರಿಯಾ ಮಾರ್ಗದ ವಾಕ್ಸ್‌ಹಾಲ್ ನಿಲ್ದಾಣದಲ್ಲಿ ಇಳಿದು ನಡಿಗೆ ಆರಂಭಿಸಿ. ಮುಂದಿನ ಸುಮಾರು ಐದು ಕಿಲೋಮೀಟರಿಗೆ ಒಂದೇ ಸೂಚನೆ ಸಾಕು: ನದಿ ಸದಾ ಎಡಗೈಗೆ ಇರಬೇಕು. ಥೇಮ್ಸ್ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ ಎಂದು ಓದಿಕೊಂಡು ಬಂದವರು ಇಲ್ಲಿ ದಿಕ್ಕುಗೆಡುವುದು ಸಹಜ, ಏಕೆಂದರೆ ಈ ಭಾಗದಲ್ಲಿ ನದಿ ಉತ್ತರಕ್ಕೆ ಹರಿದು, ವಾಟರ್‌ಲೂ ಸೇತುವೆಯ ಹತ್ತಿರ ಪೂರ್ವಕ್ಕೆ ಹೊರಳುತ್ತದೆ. ಆದ್ದರಿಂದ ಸಂಸತ್ ಭವನದ ಎದುರಿಗೆ ದಕ್ಷಿಣ ದಂಡೆ ಎಂದು ಕರೆಯುವ ಜಾಗ ವಾಸ್ತವವಾಗಿ ಪೂರ್ವದ ದಂಡೆ. ವಿದ್ಯಾರ್ಥಿಗಳ ಕೈಗೆ ದಿಕ್ಸೂಚಿ ಕೊಟ್ಟು ಇದನ್ನು ಅವರೇ ಕಂಡುಕೊಳ್ಳುವಂತೆ ಮಾಡಿ. ಬೆಳಗಿನ ಬಿಸಿಲು ಬೆನ್ನಿಗಿರುವುದರಿಂದ ಸಂಸತ್ ಭವನದ ಫೋಟೊ ಚೆನ್ನಾಗಿ ಬರುತ್ತದೆ ಎಂಬುದು ಇದೇ ದಿಕ್ಕಿನ ಲಾಭ.

ಲ್ಯಾಂಬೆತ್ ಸೇತುವೆಗೆ ಸ್ವಲ್ಪ ಮುಂಚೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆಯಿದೆ. ಲ್ಯಾಂಬೆತ್‌ನ ಮಾಜಿ ಮೇಯರ್, ಕಲಬುರಗಿಯ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪನೆಯಾದ ಇದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣಗೊಳಿಸಿದರು. ಅನುಭವ ಮಂಟಪದ ಬಗ್ಗೆ ಮಾತನಾಡಲು ಸಂಸತ್ ಭವನ ಕಣ್ಣಳತೆಯಲ್ಲಿರುವ ಈ ಜಾಗಕ್ಕಿಂತ ಒಳ್ಳೆಯ ತರಗತಿ ಸಿಗಲಾರದು, ಆದರೆ ಭಾಷಣ ಹತ್ತು ನಿಮಿಷ ಮೀರದಿರಲಿ. ಮುಂದೆ ಸೇತುವೆಗಳ ಬಣ್ಣ ಗಮನಿಸಲು ಹೇಳಿ. ಲ್ಯಾಂಬೆತ್ ಸೇತುವೆಗೆ ಮೇಲ್ಮನೆಯ ಆಸನಗಳ ಕೆಂಪು ಬಣ್ಣವಿದ್ದರೆ, 1862ರಲ್ಲಿ ತೆರೆದ ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ ಕೆಳಮನೆಯ ಆಸನಗಳ ಹಸಿರು ಬಣ್ಣವಿದೆ. ಇವೆರಡರ ನಡುವಿನ ದಂಡೆಯ ಗೋಡೆಯ ಮೇಲೆ ಕೋವಿಡ್‌ನಿಂದ ಸತ್ತವರ ನೆನಪಿಗಾಗಿ 2021ರಿಂದ ಬರೆಯಲಾದ ಕೆಂಪು ಹೃದಯಗಳ ಸಾಲಿದೆ. ಅಲ್ಲಿ ಸೆಲ್ಫಿಗೆ ನಿಲ್ಲದೆ, ಹೆಸರುಗಳನ್ನು ಓದುತ್ತ ಮೆಲ್ಲಗೆ ಸಾಗುವುದು ಸಭ್ಯತೆ.

ಲಂಡನ್ ಐ ಎಂಬ ದೈತ್ಯ ತಿರುಗುಚಕ್ರವನ್ನು ದಾಟಿದ ಮೇಲೆ ಜನಸಂದಣಿ ಹೆಚ್ಚು. ಅಲ್ಲಲ್ಲಿ ಹಳದಿ ಪಟ್ಟಿಯುಳ್ಳ ನಕ್ಷೆಯ ಫಲಕಗಳು ಕಾಣುತ್ತವೆ. ಈ ನಕ್ಷೆಗಳ ಮೇಲ್ಭಾಗದಲ್ಲಿ ಉತ್ತರವಿರುವುದಿಲ್ಲ, ಓದುವವರು ಮುಖಮಾಡಿ ನಿಂತ ದಿಕ್ಕು ಇರುತ್ತದೆ. ಐದು ನಿಮಿಷದಲ್ಲಿ ನಡೆದು ಮುಟ್ಟಬಹುದಾದ ಪ್ರದೇಶವನ್ನು ಅದರಲ್ಲಿ ವೃತ್ತವಾಗಿ ತೋರಿಸಿರುತ್ತಾರೆ. ಮೊಬೈಲ್ ನೋಡುವುದನ್ನು ಬಿಡಿಸಿ ಈ ಫಲಕಗಳನ್ನು ಓದಲು ಕಲಿಸಬೇಕು. ಇದಕ್ಕೆ ಇನ್ನೊಂದು ಕಾರಣವೂ ಇದೆ: ರಸ್ತೆಯಂಚಿನಲ್ಲಿ ನಿಂತು ಮೊಬೈಲ್ ಹಿಡಿದವರ ಕೈಯಿಂದ ಅದನ್ನು ಸೈಕಲ್ಲಿನಲ್ಲಿ ಬಂದು ಕಿತ್ತುಕೊಂಡು ಹೋಗುವುದು ಲಂಡನ್ನಿನಲ್ಲಿ ಸಾಮಾನ್ಯವಾಗಿದೆ. ನೋಡಲೇಬೇಕಾದರೆ ಗೋಡೆಗೆ ಬೆನ್ನು ಕೊಟ್ಟು ನಿಲ್ಲಲಿ. ತುರ್ತಿಗೆ 999 ಅಥವಾ 112.

ವಾಹನಗಳು ನಮ್ಮಲ್ಲಿಯಂತೆಯೇ ಎಡಕ್ಕೆ ಚಲಿಸುತ್ತವೆ. ಜೀಬ್ರಾ ಪಟ್ಟಿಯ ಮೇಲೆ ಕಾಲಿಟ್ಟವರಿಗೆ ವಾಹನಗಳು ದಾರಿ ಬಿಡಬೇಕೆಂಬ ನಿಯಮವಿದ್ದು, ಚಾಲಕರು ಅದನ್ನು ಪಾಲಿಸುತ್ತಾರೆ. ವಾಹನ ನಿಂತರೂ ದಾಟದೆ ಅನುಮಾನಿಸುವ ನಮ್ಮ ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿ. ನದಿಯಲ್ಲಿ ಉಬ್ಬರವಿಳಿತಗಳ ಅಂತರ ಏಳು ಮೀಟರಿನವರೆಗೆ ಇರುವುದರಿಂದ, ನೀರು ಇಳಿದಾಗ ಕಾಣುವ ಮರಳದಂಡೆಗೆ ಯಾರೂ ಇಳಿಯಕೂಡದು.

ಟೇಟ್ ಮಾಡರ್ನ್ ಕಲಾಸಂಗ್ರಹಾಲಯ ಹಿಂದೆ ವಿದ್ಯುತ್ ಸ್ಥಾವರವಾಗಿದ್ದ ಕಟ್ಟಡ. ಪ್ರವೇಶ ಉಚಿತ, ಶೌಚಾಲಯಕ್ಕೂ ವಿಶ್ರಾಂತಿಗೂ ಅನುಕೂಲ. ಊಟಕ್ಕೆ ದಾರಿಯ ಸೂಪರ್‌ಮಾರ್ಕೆಟ್ಟಿನ ಸ್ಯಾಂಡ್‌ವಿಚ್, ತಿಂಡಿ, ಪಾನೀಯ ಸೇರಿದ ಮೀಲ್ ಡೀಲ್ ಅಗ್ಗ, ಆದರೆ ಸಸ್ಯಾಹಾರಿಗಳು ಪೊಟ್ಟಣದ ಬರಹವನ್ನು ಓದಿಯೇ ಕೊಳ್ಳಬೇಕು. ನಲ್ಲಿಯ ನೀರು ಕುಡಿಯಲು ಯೋಗ್ಯ. ಎದುರಿಗೆ ಕಾಣುವ ಮಿಲೇನಿಯಂ ಸೇತುವೆ 2000ದ ಜೂನ್‌ನಲ್ಲಿ ತೆರೆದಾಗ, ಜನರ ಹೆಜ್ಜೆಗಳು ಓಲಾಟಕ್ಕೆ ತಾಳ ಕೂಡಿಸಿದಂತಾಗಿ ಅಡ್ಡಡ್ಡಲಾಗಿ ತೂಗಾಡತೊಡಗಿ, ಎರಡೇ ದಿನಗಳಲ್ಲಿ ಮುಚ್ಚಬೇಕಾಯಿತು. ಕಂಪನ ತಗ್ಗಿಸುವ ಸಾಧನಗಳನ್ನು ಅಳವಡಿಸಿ 2002ರಲ್ಲಿ ಮತ್ತೆ ತೆರೆದರು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದರೆ ಇಲ್ಲಿ ಅರ್ಧ ಗಂಟೆ ಹೋದರೂ ನಷ್ಟವಿಲ್ಲ.

ಸೇತುವೆ ದಾಟಿದರೆ ಸೇಂಟ್ ಪಾಲ್ ಕೆಥೆಡ್ರಲ್. ಅಲ್ಲಿಂದ ಬಸ್ಸಿನಲ್ಲಿ ಹಿಂದಿರುಗಿ. ನಗರದ ಹೆಚ್ಚಿನ ಬಸ್ ನಿಲ್ದಾಣಗಳ ಕಂಬದ ಮೇಲೆ ಅಕ್ಷರವೊಂದಿರುತ್ತದೆ. ಯಾವ ಅಕ್ಷರದ ನಿಲ್ದಾಣದಿಂದ ಯಾವ ಬಸ್ಸು ಎಂಬುದನ್ನು ಅಲ್ಲಿನ ಫಲಕ ನೋಡಿ ವಿದ್ಯಾರ್ಥಿಗಳೇ ಹೇಳಲಿ. ಮೊದಲ ಬಸ್ಸು ಹತ್ತಿದ ಒಂದು ಗಂಟೆಯೊಳಗೆ ಅದೇ ಕಾರ್ಡಿನಲ್ಲಿ ಬೇರೆ ಬಸ್ಸುಗಳನ್ನು ಹತ್ತಿದರೆ ಮತ್ತೆ ಹಣ ಕಡಿತವಾಗುವುದಿಲ್ಲವಾದ್ದರಿಂದ, ತಪ್ಪು ಬಸ್ಸು ಆರಿಸಿದರೂ ಚಿಂತೆಯಿಲ್ಲ. ಸಂಜೆ ಪ್ರತಿ ಗುಂಪು ನದಿ, ಸೇತುವೆಗಳು ಮತ್ತು ವಸತಿಯನ್ನು ನೆನಪಿನಿಂದ ಬರೆದು ನಕ್ಷೆ ಮಾಡಲಿ, ಮರುದಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗುವ ದಾರಿಯನ್ನು ಅದರ ಮೇಲೆ ಗುರುತಿಸಲಿ. ಬೆಳಿಗ್ಗೆ ಗುಂಪಿನವರು ಮುಂದೆ ನಡೆಯಲಿ, ಅಧ್ಯಾಪಕರು ಕೊನೆಯಲ್ಲಿರಲಿ.